ನಾಲ್ಕನೇ ಸೀಟು

ಕಸ್ತೂರಕ್ಕ, ನೀ ಕಳಿಸಿದ ಪಟ್ಟಿ ಓದಿದೆ.
ನಾಕು ದಿನದಾಗ ಹನ್ನೊಂದು ಜಾಗ,
ಮ್ಯಾಲೆ ಯಾರೋ ಸಿನಿಮಾದವರ ಮನಿ ಗೇಟು.
ನಗು ಬಂತು. ಸಿಟ್ಟಾಗಬ್ಯಾಡ,
ಮೊದಲು ನಂದೂ ಒಂದೀಟು ಕೇಳು.

ವಿಜಯಪುರದ ಗಾಡಿ ಕೊನೀತನಕ ಹೊಕ್ಕೈತಿ,
ನೀವು ಹೋಗಬ್ಯಾಡ್ರಿ.
ಕಲ್ಯಾಣದಾಗ ಇಳದು ಪುಲಿನ ಬುಡಕ ನಿಲ್ರಿ.
ಮಾಮಾಗ ಹೇಳು, ಅಲ್ಲಿ ಇಲ್ಲಿ ವಿಚಾರಸ್ಕೋತ ಅಡ್ಡಾಡೂದು ಬ್ಯಾಡ,
ನಿಂತಲ್ಲೇ ನಿಂತರ ನಾ ಹುಡುಕತೀನಿ.
ಸಾಮಾನು ಹಗರ ಇರಲಿ.
ಶೇಂಗಾ ಚಟ್ನಿ ಮಾತ್ರ ಎರಡು ಡಬ್ಬಿ.
(ಇದು ಸಲಹಾ ಅಲ್ಲ.)

ಲೋಕಲ್ ಅಂದ್ರ ನಿಮ್ಮೂರ ಬಸ್ಸಲ್ಲ,
ಕೈ ಮಾಡಿದ್ರ ನಿಲ್ಲೂದಿಲ್ಲ, ಬೈದ್ರೂ ನಿಲ್ಲೂದಿಲ್ಲ.
ಬೋರ್ಡಿನ ಮ್ಯಾಲೆ ಎಫ್ ಕಂಡ್ರ ಫಾಸ್ಟು,
ಸಣ್ಣ ಸ್ಟೇಶನ್ನಿಗೆ ಕಣ್ಣು ಸೈತ ಹೊಡೀದ ಓಡ್ತೈತಿ.
ಇಳಿಯೂದು ಎರಡು ಸ್ಟೇಶನ್ ಇರೂವಾಗ್ಲೇ ಎದ್ದು ನಿಲ್ಲು,
ಯಾ ಕಡೆ ಫಲಾಟು ಬರ್ತೈತಿ ಕೇಳು,
ಆಮ್ಯಾಲ ನೀ ಏನೂ ಮಾಡೂದು ಬ್ಯಾಡ,
ಹಿಂದಿನವರ ಇಳಸ್ತಾರ.
ರವಿವಾರ ಹಳಿ ರಿಪೇರಿ ಇರ್ತೈತಿ,
ಅವತ್ತ ಮನ್ಯಾಗ ಇದ್ದು ಜೋಳದ ರೊಟ್ಟಿ ಬಡಿಯೂಣು.

ಹೆಂಗಸರ ಡಬ್ಬಿ ಹತ್ತಿದ ಕೂಡ್ಲೇ
ಕುಂತವರನ್ನ ಒಬ್ಬೊಬ್ಬರಾಗಿ ಕೇಳು: 'ಕುಠೇ ಉತರ್ನಾರ್?'
ಇದೊಂದು ಮರಾಠಿ ಮಾತು ಬಂದ್ರ ಮುಂಬೈ ಅರ್ಧ ಬಂದಂಗ.
ಠಾಣೆ ಅಂದವಳ ಮುಂದ ನಿಲ್ಲು, ಆ ಜಾಗ ನಿಂದು.
ಕಾಗದ ಇಲ್ಲ, ಸಾಕ್ಷಿ ಇಲ್ಲ,
ಖರೇನ ಯಾರೂ ಕಸಗೊಳ್ಳೂದಿಲ್ಲ.
ಅದೂ ಸಿಗಲಿಲ್ಲಂದ್ರ ನಾಲ್ಕನೇ ಸೀಟು.
ಮೂರು ಮಂದಿಯ ಹಲಗಿ, ಅದರ ತುದಿಗೆ
ಒಂದು ತೊಡಿ ಹಲಗಿ ಮ್ಯಾಲ, ಒಂದು ತೊಡಿ ಗಾಳಿ ಮ್ಯಾಲ.
'ಜರಾ ಸರ್ಕೋ' ಅಂತ ಅಂದುಬಿಡು, ನಾಚಬ್ಯಾಡ.
ನಾ ಹತ್ತೊಂಬತ್ತು ವರ್ಷ ಅಲ್ಲೇ ಕುಂತೀನಿ.
ಬದಲಾಪುರದಿಂದ ತುಂಬಿ ಬರೂ ಗಾಡ್ಯಾಗ
ಕಲ್ಯಾಣದವರಿಗೆ ಉಳಿಯೂದು ಅಷ್ಟ.
ಅಲ್ಲೇ ಅವರೀಕಾಯಿ ಸುಲದೀನಿ,
ಅಲ್ಲೇ ಒಂದು ಸರ್ತಿ ಅತ್ತೀನಿ,
ಬಾಜೂದವಳು ಯಾಕ ಅನ್ನಲಿಲ್ಲ,
ಎರಡು ಬಟ್ಟು ಸರದಳು.

ಇನ್ನ ನಿನ್ನ ಪಟ್ಟಿ.
ಹಾಜಿ ಅಲಿಗೆ ಸಮುದ್ರದ ಭರತಿ ವ್ಯಾಳೆ ನೋಡ್ಕೊಂಡು ಹೋಗೂದು,
ನೀರು ಏರಿದ್ರ ದಾರೀನ ಇರೂದಿಲ್ಲ.
ದಕ್ಷಿಣದ ಕಡೆ ಆಟೋ ಇಲ್ಲ, ಕರಿ-ಹಳದಿ ಟ್ಯಾಕ್ಸಿ,
ಮೀಟರ್ ಹಾಕು ಅನ್ನೂದು, ಹಾಕದಿದ್ರ ಮುಂದಿಂದು.
ಚಹಾ 'ಕಟಿಂಗ್' ಅನ್ನು. ಅರ್ಧ ಕೊಡ್ತಾರ.
ಈ ಊರಾಗ ಅರ್ಧಕ್ಕ ಅವಮಾನ ಇಲ್ಲ.
ಸಿನಿಮಾದವರ ಗೇಟು ಬಿಡು,
ಗೇಟು ಎಲ್ಲಾ ಕಡೆ ಗೇಟ.

ಘಾರಾಪುರಿ ಗವಿಗೆ ದೋಣ್ಯಾಗ ಹೋಗಬೇಕು,
ಸೋಮವಾರ ಮುಚ್ಚಿರ್ತೈತಂತ.
'ಅಂತ' ಅಂದೆ ನೋಡು.
ನಾ ಎಲ್ಲಿ ಹೋಗೀನಿ?
ಭಾಯಖಳಾದ ನಮ್ಮ ಬೈಂಡಿಂಗ್ ಕಾರ್ಖಾನ್ಯಾಗ
ಪ್ರವಾಸದ ಪುಸ್ತಕ ಬರ್ತಾವು, ಗಟ್ಟಲೆ ಗಟ್ಟಲೆ.
ಮುಂಬೈ ನೋಡ್ರಿ ಅಂತ ಹೇಳೂ ಪುಸ್ತಕದ ಬೆನ್ನಿಗೆ
ಗೋಂದು ಹಚ್ಚೀದು ಈ ಕೈ.
ಇಪ್ಪತ್ತೆರಡನೇ ಪುಟದಾಗ ಆ ಶಿವ,
ಮೂರು ಮುಖ ಕಾಣಸ್ತಾವು,
ಇನ್ನೊಂದು ಹಿಂದಕ ಕಲ್ಲಿನ್ಯಾಗ ಉಳದೈತಿ ಅಂತ ಬರದಾರ.
ಮಡಚೂವಾಗ ಪ್ರತಿ ಸರ್ತಿ
ಅವನ ಮೂಗಿನ ಬಾಜೂಕ ನನ್ನ ಬಟ್ಟು ಬೀಳ್ತೈತಿ.

ಅದಕ್ಕ ಕಸ್ತೂರಕ್ಕ,
ಹತ್ತು ಜಾಗ ಹೊಡದು ಹಾಕು, ಅದೊಂದು ಇರಲಿ.
ಮಂಗಳವಾರ ಹೋಗೂಣು.
ನೀ ನನ್ನ ಕರ್ಕೊಂಡು ಹೋಗು,
ದಾರಿ ನಾ ತೋರಸ್ತೀನಿ.
ದೋಣ್ಯಾಗ ನಾ ನಟ್ಟನಡುವ ಕುಂಡರತೀನಿ,
ಎರಡೂ ತೊಡಿ ಹಲಗಿ ಮ್ಯಾಲ,
ಯಾರರೆ ಸರ್ಕೋ ಅಂದ್ರ
ಕೇಳದಂಗ ಸಮುದ್ರ ನೋಡ್ತೀನಿ.

ಶೇಠಗ ರಜಾ ಕೇಳೀನಿ,
ಇನ್ನೂ ಹೂಂ ಅಂದಿಲ್ಲ.
ಚಟ್ನಿ ಮೂರು ಡಬ್ಬಿ ತಾ.
ಒಂದು ಅವನಿಗೆ.