ಹನ್ನೊಂದನೆಯ ಸ್ಥಾನ

ಬೈತಖೋಲದ ಐಸ್ ಫ್ಯಾಕ್ಟರಿಯ ರಸೀದಿ ಬೆನ್ನಿಗೆ
ಮತ್ತೆ ಅದೇ ಲೆಕ್ಕ ಬರೆದೆ:
ಹನ್ನೆರಡು ತಂಡ, ನಾವು ಹನ್ನೊಂದನೆಯವರು,
ಹದಿನಾಲ್ಕು ಅಂಕ. ಮಾಜಾಳಿಗೆ ಹದಿನಾರು.
ಭಾನುವಾರ ನಾವು ಗೆದ್ದು ಅವರು ಸೋತರೆ ಉಳಿದೆವು.
ಅವರು ಡ್ರಾ ಮಾಡಿಕೊಂಡರೆ ಗೋಲಿನ ಲೆಕ್ಕ,
ಅಲ್ಲಿ ನಾವು ಮೈನಸ್ ಒಂಬತ್ತು.
ಗಣಿತಕ್ಕೆ ಹೆದರಿ ಶಾಲೆಯಿಂದ ಮೈದಾನಕ್ಕೆ ಓಡಿದವನು ನಾನು;
ಐವತ್ತಾರಕ್ಕೆ ಅದು ಬೆನ್ನಟ್ಟಿ ಬಂದು ಹಿಡಿಯಿತು.

ಮೀನು ಮಾರ್ಕೆಟ್ಟಿನಲ್ಲಿ ಸಾವಂತ್ರಿಬಾಯಿ ಬಂಗಡೆ ಎಣಿಸುತ್ತ
"ಕೋಚ್ ಸಾಯ್ಬ್ರೇ, ನಿಮ್ಮ ಹುಡುಗ್ರು ಒದ್ದ ಚೆಂಡು
ಗೋಲೊಂದು ಬಿಟ್ಟು ಎಲ್ಲಾ ಕಡೆ ಹೋಗ್ತದಲ್ಲ?" ಎಂದಳು.
ಅಕ್ಕಪಕ್ಕದ ಬುಟ್ಟಿಗಳೆಲ್ಲ ನಕ್ಕವು.
ಕಪ್ ಗೆದ್ದ ವರ್ಷ ಇದೇ ಕೈ
ಹತ್ತರ ಮೇಲೆ ಎರಡು ಹಾಕುತ್ತಿತ್ತು.
ಇವತ್ತು ಹತ್ತಕ್ಕೆ ಹತ್ತೇ.

ಅಧ್ಯಕ್ಷರು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ನಿನ್ನ ಮೇಲೆ ಪೂರ್ತಿ ವಿಶ್ವಾಸ ಇದೆ, ಕಾಯ್ತಾನ್."
ಎರಡು ಟ್ರಾಲರ್ ಬೋಟಿನ ಧಣಿ ಅವರು.
ಹೋದ ವರ್ಷ ತಾಂಡೇಲನನ್ನು ಇಳಿಸುವ ಹಿಂದಿನ ದಿನ
ಅವನಿಗೂ ಇದನ್ನೇ ಹೇಳಿದ್ದರಂತೆ.

ಗೋಲ್‌ಕೀಪರ್ ಜುವಾಂವ್ ಸಿದ್ದಿ ಹಳಿಯಾಳದಿಂದ ಬರಬೇಕು.
ಅಣಶಿ ಘಾಟಿನಲ್ಲಿ ಬಸ್ಸು ಕೆಟ್ಟರೆ
ನಮ್ಮ ಗೋಲು ಬಾಗಿಲು ತೆಗೆದ ಮನೆ.
ಗುರುದಾಸ ಹರಿಕಂತ್ರ ಶನಿವಾರ ರಾತ್ರಿ ಬಲೆಗೆ ಹೋಗಿ
ಭಾನುವಾರ ಬೆಳಿಗ್ಗೆ ದಡ ಹತ್ತುತ್ತಾನೆ,
ಮೊದಲ ಅರ್ಧವಿಡೀ ನೆಲ ಅಲ್ಲಾಡುತ್ತಿದೆ ಎನ್ನುತ್ತಾನೆ.
ಹೋಗಬೇಡ ಎನ್ನಲೇ?
ಅವನ ಆ ರಾತ್ರಿಯ ಪಾಲು ನಾನು ಕೊಡುತ್ತೇನೆಯೇ?

ಕಷ್ಟದ್ದು ಇದು ಯಾವುದೂ ಅಲ್ಲ.

ಶುಕ್ರವಾರ ಸಂಜೆ ಕೋಡಿಬಾಗದ ದಂಡೆಯಲ್ಲಿ
ಶಾಬಾ ನಾಯ್ಕನಿಗೆ ಹೇಳಬೇಕಾಯಿತು.
ಹನ್ನೆರಡನೇ ವಯಸ್ಸಿಗೆ ಬರಿಗಾಲಲ್ಲಿ ಬಂದವನು;
ನನ್ನ ಹಳೆ ಬೂಟಿಗೆ ತೆಂಗಿನ ನಾರು ತುರುಕಿ
ಅವನ ಕಾಲಿಗೆ ಸರಿಮಾಡಿದ್ದೆ.
ಈಗ ಮೂವತ್ತಾರು. ಎಡ ಮೊಣಕಾಲು ಬಾತಿದೆ.
"ಭಾನುವಾರ ನೀನು ಬೆಂಚಿನಲ್ಲಿ."
ಅವನು ಕಾಳಿಯನ್ನೇ ನೋಡುತ್ತಿದ್ದ.
ಆಮೇಲೆ ಕ್ಯಾಪ್ಟನ್ ಪಟ್ಟಿಯನ್ನು ಜೇಬಿನಿಂದ ತೆಗೆದು
(ಅದು ಸದಾ ಅವನ ಜೇಬಿನಲ್ಲೇ ಇರುತ್ತದೆಂದು
ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ)
ನಾಲ್ಕು ಮಡಿಕೆ ಮಾಡಿ ನನ್ನ ಅಂಗೈಯಲ್ಲಿಟ್ಟ.
"ಒಗೆದದ್ದೇ ಇದೆ" ಅಂದ.

ದಯವಿಟ್ಟು ನನಗೆ ಯಾರೂ ಸಮುದ್ರದ ಉದಾಹರಣೆ ಕೊಡಬೇಡಿ.
ಭರತಿ ಇಳಿತ ಇದ್ದದ್ದೇ ಎಂದು ಪಾದ್ರಿಗಳೂ ಹೇಳಿ ಆಯಿತು.
ಇಳಿದ ನೀರು ಆರು ತಾಸಿಗೆ ಮರಳುತ್ತದೆ.
ಬಿಣಗಾದವರು ಬಿ ಡಿವಿಜನ್ನಿಗೆ ಇಳಿದು ಎಂಟು ವರ್ಷ;
ಅವರ ಗೋಲ್‌ಪೋಸ್ಟಿನ ಮೇಲೆ ಈಗ
ಮೀನಿನ ಬಲೆ ಒಣಗುತ್ತದೆ.

ಭಾನುವಾರ. ಎಪ್ಪತ್ತೆಂಟನೇ ನಿಮಿಷ. ಒಂದು-ಒಂದು.
ಸದಾಶಿವಗಡದ ಮೈದಾನದಿಂದ ಫೋನು:
ಮಾಜಾಳಿ ಒಂದು ಗೋಲು ಹಿಂದೆ.
ನಮಗೆ ಇನ್ನೊಂದು, ಒಂದೇ ಒಂದು.
ಇಡೀ ಬೆಂಚು ನನ್ನ ಮುಖ ನೋಡುತ್ತಿದೆ,
ಅಲ್ಲಿ ಏನೋ ಬರೆದಿದೆ ಎಂಬಂತೆ.
ಒಳಗಿನ ಹನ್ನೊಂದು ಜನ ಓಡಬಹುದು, ಬೀಳಬಹುದು,
ಚೆಂಡಿಗೆ ಸಿಟ್ಟು ತೋರಿಸಬಹುದು.
ನನಗೆ ಕೊಟ್ಟದ್ದು ಸುಣ್ಣದಲ್ಲಿ ಬರೆದ ಒಂದು ಚೌಕ,
ಕೂಗಿದ್ದನ್ನೆಲ್ಲ ಕಡಲಿಗೆ ಒಯ್ಯುವ ಗಾಳಿ,
ಗೆರೆ ದಾಟಿದರೆ ಒಂದು ಹಳದಿ ಕಾರ್ಡು.
ಜುವಾಂವ್ ತೋಳಿಗೆ ಬ್ಯಾಂಡೇಜ್ ಸುತ್ತಿಕೊಂಡು
ಇವತ್ತಿನ ಮಟ್ಟಿಗೆ ಕ್ಯಾಪ್ಟನ್.
ಪಟ್ಟಿ ನನ್ನ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಬೆನ್ನ ಹಿಂದೆ ಯಾರೋ ಲೇಸು ಬಿಗಿಯುವ ಸದ್ದು.
ನಾನು ಹೇಳಿರಲಿಲ್ಲ.
ಜೇಬಿಗೆ ಕೈ ಹಾಕಿದೆ. ನಾಲ್ಕು ಮಡಿಕೆ ಹಾಗೇ ಇತ್ತು,
ಬೆವರಿಗೆ ಒದ್ದೆಯಾಗಿ.

"ಶಾಬಾ" ಎಂದೆ.
ಮೊಣಕಾಲು ಹೇಗಿದೆ ಎಂದು ಕೇಳಲಿಲ್ಲ.