ಯಾರ ಸೊಂಟ?

ಬೆಳಿಗ್ಗೆ ಆರೂಕಾಲಿಗೆ ಸಸಿಹಿತ್ಲಿನಲ್ಲಿ
ನನ್ನ ಮೊದಲ ಕೆಲಸ ಸುಳ್ಳು ಬರೆಯುವುದು.
ಶೆಡ್ಡಿನ ಗೋಡೆಗೆ ಕಟ್ಟಿದ ಕರಿಹಲಗೆಯಲ್ಲಿ
‘ಇಂದಿನ ಅಲೆ’ ಎಂದು ಬರೆದು, ಮುಂದೆ ಎರಡು ಚುಕ್ಕಿ ಇಟ್ಟು
ಸೀಮೆಸುಣ್ಣ ಹಿಡಿದು ನಿಲ್ಲುತ್ತೇನೆ.

ಮೊಬೈಲು ಹೇಳುತ್ತದೆ, ಒಂದು ಪಾಯಿಂಟ್ ಒಂದು ಮೀಟರ್.
ಅದು ನಡುಗಡಲಿನ ಮಾತು,
ಅಲ್ಲಿ ನಿಂತು ನೋಡಿದವರು ಯಾರೂ ಇಲ್ಲ.
ಇಲ್ಲಿ, ಶಾಂಭವಿಯೂ ನಂದಿನಿಯೂ ಸೇರಿ ಉಪ್ಪಾಗುವ ಅಳಿವೆಯ ಪಕ್ಕ
ಮರಳದಿಬ್ಬ ಮಳೆಗಾಲಕ್ಕೊಮ್ಮೆ ಮನೆ ಬದಲಿಸುತ್ತದೆ;
ಅದನ್ನು ಎಡವಿ ಬಿದ್ದ ಅಲೆಯಷ್ಟೇ ನಮ್ಮ ಪಾಲಿನದು.

ಅಳೆಯಲಿಕ್ಕೆ ಒಂದು ಉಪಾಯವುಂಟು.
ನೀರಿನಂಚಿಗೆ ಇಳಿದು, ಅಲೆ ಒಡೆಯುವ ಕಡೆ ಮುಖ ಮಾಡಿ
ಮೆಲ್ಲಗೆ ಮಂಡಿ ಮಡಚುತ್ತಾ ಬರಬೇಕು
ತೆರೆಯ ನೆತ್ತಿ ಆಕಾಶದ ಗೆರೆಗೆ ತಾಗುವ ತನಕ.
ಆಗ ನಿನ್ನ ಕಣ್ಣು ನೀರಿನಿಂದ ಎಷ್ಟು ಮೇಲೋ
ಅಲೆಯೂ ಅಷ್ಟೇ ಎತ್ತರ.
ಲೆಕ್ಕ ಸರಿಯೇ.
“ಏನು, ಕಡಲು ಇವತ್ತೂ ನಿನಗೆ ಬಸ್ಕಿ ಹೊಡೆಸಿತಾ?”
ದೂಮಣ್ಣ ಬಲೆಯ ಮಧ್ಯದಿಂದ ಕೇಳುತ್ತಾನೆ.

ನಲ್ವತ್ತು ವರ್ಷ ನಾಡದೋಣಿ ನೂಕಿದವನು.
ಅವನ ಪ್ರಕಾರ ಅಲೆಗೆ ಎತ್ತರ ಎರಡು:
ಹೋಗುವವನಿಗೆ ಕಾಣುವುದು ಅದರ ಹೊಟ್ಟೆ, ಬರುವವನಿಗೆ ಬೆನ್ನು.
ಹೊಟ್ಟೆ ಒಂದು ಮಾರು ಇದ್ದರೆ
ಅದೇ ಅಲೆಯ ಬೆನ್ನು ಎರಡೇ ಮೊಳ.
ಯಾವುದು ನಿಜ ಎಂದರೆ
“ಹೋದದ್ದೂ ನಿಜ, ಬಂದದ್ದೂ ನಿಜ” ಎಂದು
ನೂಲು ಕಚ್ಚಿ ತುಂಡರಿಸುತ್ತಾನೆ.

ಭಾನುವಾರ ಹುಬ್ಬಳ್ಳಿಯಿಂದ ಬಂದವರಿಗೆ
ಪಾದ ಒದ್ದೆಯಾಗುವ ಮೊದಲೇ ಅದು ತೆಂಗಿನಮರ.
ಅದಕ್ಕೇ ಅಡಿ ಬಿಟ್ಟು ಮೈಯ ಲೆಕ್ಕ ಹಿಡಿದೆ:
ಮೊಣಕಾಲು, ಸೊಂಟ, ಎದೆ, ತಲೆ.
‘ಸೊಂಟ’ ಎಂದು ಬರೆದ ದಿನ
ಹದಿಮೂರರ ಮನ್ವಿತ್ ಬೋರ್ಡಿಗೆ ಮೇಣ ತಿಕ್ಕುತ್ತಾ
“ಯಾರ ಸೊಂಟ, ಅಕ್ಕಾ?” ಅಂದ.

ಹೌದಲ್ಲ.
ಎರಡು ಮಳೆಗಾಲದ ಹಿಂದೆ ಅವನ ಎದೆಗೂಡಿಗೆ ಬಡಿದ ಅಲೆ
ಈಗ ಚಡ್ಡಿಯ ಲಾಡಿಗೆ ಬರುತ್ತದೆ.
ಕಡಲು ಇಳಿದದ್ದಲ್ಲ,
ಕುಚ್ಚಲಕ್ಕಿ ಗಂಜಿಯೂ ಒಣಮೀನೂ ಹುಡುಗನನ್ನು ಏರಿಸಿದ್ದು.

ಬೇಬಿಯಕ್ಕನ ಅಳತೆಯಲ್ಲಿ ಅಡಿಯೂ ಇಲ್ಲ, ಸೊಂಟವೂ ಇಲ್ಲ.
ಶೆಡ್ಡಿನ ಆಚೆ ಬದಿ ಬಂಗುಡೆ ಒಣಗಲು ಹರವುತ್ತಾ
ನಿನ್ನೆ, ಕೇಳದೆಯೇ ಹೇಳಿದಳು:
“ದೋಣಿ ಅಳಿವೆ ದಾಟುವಾಗ ನಡುವೆ ಅಲೆ ಏಳ್ತದಲ್ಲ,
ದೋಣಿ ಕಾಣುವುದಿಲ್ಲ, ಆವಾಗ ಎಣಿಸುವುದು.
ಒಂಜಿ, ರಡ್ಡ್, ಮೂಜಿ.
ಮೂಜಿಗೆ ಕಂಡರೆ ಸಣ್ಣದು, ಮೀನು ಮಗುಚುತ್ತಾ ಕೂರಬಹುದು.
ಐನ್ ಅಂದರೆ ಎದ್ದು ನಿಲ್ಲಬೇಕು.
ಏಳ್...
ಏಳರಿಂದ ಮೇಲೆ ನನಗೆ ಲೆಕ್ಕ ಬರುವುದಿಲ್ಲ ಮಗಾ.”

ದೂಮಣ್ಣನ ಕೈ ಬಲೆಯ ಕಣ್ಣಿನಲ್ಲೇ ನಿಂತಿತು.
ನಲ್ವತ್ತು ವರ್ಷ ದಡದಲ್ಲಿ ತನ್ನನ್ನು
ಒಬ್ಬಳು ಎಣಿಸುತ್ತಿದ್ದಳೆಂದು
ಅವನಿಗೆ ಗೊತ್ತಾದದ್ದು ಆಗಲೇ.
“ಬಿಸಿಲು ಬಂತು, ತೊಟ್ಟೆ ಮುಚ್ಚು” ಅಂದ, ಅಷ್ಟೇ.

ಇವತ್ತು ಮನ್ವಿತ್ ಮೊದಲ ಸಲ ಹೊರಗಿನ ದಿಬ್ಬಕ್ಕೆ ಹೋಗಿದ್ದಾನೆ.
ನಾನೇ ಕಳಿಸಿದ್ದು. ಕಾಲಿಗೆ ಹಗ್ಗ ಕಟ್ಟಿ, ಎಳೆದು ನೋಡಿ ಕಳಿಸಿದ್ದು.
ಸಾಲಾಗಿ ಮೂರು ಅಲೆ ಬಂದವು.
ಒಂದರ ಮೇಲೆ ತೇಲಿದ. ಎರಡನೆಯದರ ಮೇಲೂ.
ಮೂರನೆಯದು ಬೆನ್ನೆತ್ತಿ ನಿಂತಿತು
ಅದರಾಚೆ ಏನೂ ಇಲ್ಲದಂತೆ.

ಮಂಡಿ ಮಡಚಲಿಲ್ಲ ನಾನು.
ಯಾರೋ ಹಿಂದಿನಿಂದ, “ಮೇಡಂ, ಇದು ಎಷ್ಟು ಅಡಿ ಇರಬಹುದು?”
ಇರಿ ಎಂದು ಕೈ ಎತ್ತಿದೆ.
ಒಂಜಿ.
ರಡ್ಡ್.
ಮೂಜಿ.
ತುಟಿ ಉಪ್ಪುಪ್ಪು.
ನಾಲ್

ತಲೆ. ಒದ್ದೆ ತಲೆ. ಕೆಮ್ಮುತ್ತಾ, ನಗುತ್ತಾ
ಬೋರ್ಡು ಹುಡುಕುತ್ತಿದ್ದಾನೆ.

ಹಲಗೆಯ ಹತ್ತಿರ ಹೋಗಿ, ಸೊಂಟವನ್ನು ಅಂಗೈಯಲ್ಲಿ ಒರೆಸಿ
ನಾಲ್ಕು ಎಂದು ಬರೆದೆ.
“ಅಡಿಯಾ ಮೇಡಂ?”
ಹೂಂ, ಅಂದೆ.