ಸೊನ್ನೆಯ ತುದಿ

ಟೇಪಿನ ಸೊನ್ನೆಯ ತುದಿ ನನ್ನ ಕೈಯಲ್ಲಿತ್ತು.
ಮುರಕಲ್ಲಿನ ಕತ್ತಲಲ್ಲಿ ಮೊಣಕಾಲೂರಿ
ನೀರು ಹುಟ್ಟುವ ಗೋಡೆಗೆ ಅದನ್ನೊತ್ತಿ
‘ಹೂಂ’ ಎಂದರೆ
ಹೊರಗೆ ಬೆಳಕಲ್ಲಿ ನಿಂತ ರಮ್ಲತ್ ಓದುವಳು:
ಮೂವತ್ತೆಂಟು ಮೀಟರ್, ಐತಪ್ಪಣ್ಣ.
ನನ್ನ ಲೆಕ್ಕದಲ್ಲಿ ಐವತ್ಮೂರು ಕೋಲು.
ಎರಡನ್ನೂ ಬರೆದುಕೊಂಡಳು.

ಬಾಯಾರಿನ ಸುತ್ತ ಎರಡು ಬೇಸಗೆ,
ಇನ್ನೂರ ಹನ್ನೊಂದು ಸುರಂಗ.
ನಿಮಿಷಕ್ಕೆಷ್ಟು ಚೆಂಬು, ಬಾವಲಿ ಉಂಟೋ,
ತೋಡಿದವರು ಯಾರು—
ಅಪ್ಪನ ಹೆಸರೂ ಹಾಗೆ ಕಾಗದಕ್ಕೇರಿತು.

ಕೊನೆಗೆ ಅವಳು ಬರೆದು, ನನಗೆ ಓದಿ ಹೇಳಿದ್ದು:
‘ಬೋರು ಕೊರೆದಲ್ಲೆಲ್ಲ ಸುರಂಗ ಬತ್ತಿದೆ.’

ತಿರುವನಂತಪುರ ದೂರ.
ಮಲಯಾಳಕ್ಕೆ ತಿರುಗಿ, ಮೇಜಿಂದ ಮೇಜಿಗೆ ಸವೆದು
ಪಂಚಾಯತಿನ ಬೋರ್ಡಿಗೆ ಮರಳಿ ಬಂದಾಗ
ವಾಕ್ಯಕ್ಕೆ ತಲೆಯೇ ಇರಲಿಲ್ಲ:
‘ಅಧ್ಯಯನದ ಪ್ರಕಾರ ಸುರಂಗ ಬತ್ತಿದೆ.
ಆದ್ದರಿಂದ ಬೋರಿಗೆ ಸಬ್ಸಿಡಿ.’

ಲಾರಿ ಬಂದ ದಿನ ಫೋನು ಮಾಡಿದೆ.
ತುಂಬ ಹೊತ್ತು ಅವಳು ಮಾತಾಡಲಿಲ್ಲ.
ಆಮೇಲೆ, ಮೂರನೇ ಬೇಸಗೆಗೂ ಬರಲೇ, ಟೇಪು ಹಿಡಿಯುವಿರಾ?

ಬಾ ಮಗಳೇ.
ಆದರೆ ಈ ಸಲ ಸೊನ್ನೆಯ ತುದಿಯನ್ನು
ಆ ಬೋರ್ಡು ಬರೆಸಿದವರ ಕೈಗೆ ಕೊಡುವ.
ಪ್ಯಾಂಟು ಮಡಚಿ ಒಳಗೆ ತೆವಳಲಿ,
ಗೋಡೆ ಒದ್ದೆಯೋ ಒಣಗಿದೆಯೋ
ಅಂಗೈಯಿಟ್ಟು ನೋಡಿ
ಹೂಂ ಅನ್ನಲಿ.